ಹೊಗೆಸೊಪ್ಪಿನ ಸೀಮೆಯ ಏವಾ

ಶುಕ್ರವಾರ: ಮಾರ್ಕೆಟ್ ಬೀದಿ

ನಾರ್ತ್ ಕೆರೊಲೈನಾಗೆ ಬಂದವರು ಪೂರ್ವಕ್ಕೆ ಹೊರಟರೆ ಸಮುದ್ರಕ್ಕೆ, ಪಶ್ಚಿಮಕ್ಕೆ ಹೊರಟರೆ ಬೆಟ್ಟಕ್ಕೆ. ನಾವು ಸಮುದ್ರದ ದಾರಿ ಹಿಡಿದು ಮುಕ್ಕಾಲು ಗಂಟೆಗೇ ಹೈವೇ ಇಳಿದುಬಿಟ್ಟೆವು, ಹಳೇ ಹಾಲಿವುಡ್ ತಾರೆ ಏವಾ ಗಾರ್ಡ್ನರ್ ಸೀಮೆ ನೋಡೋಕೆ. ಮಗನಿಗೆ ಆಶ್ಚರ್ಯ. "ಇಷ್ಟು ವರ್ಷದಿಂದ ಕ್ಯಾರಿಯಲ್ಲಿದ್ದೀನಮ್ಮಾ, ಸ್ಮಿತ್‌ಫೀಲ್ಡ್‌ಗೆ ಅಂತ ಯಾರೂ ಕರೆದುಕೊಂಡು ಹೋಗು ಅಂದಿಲ್ಲ. ಔಟ್‌ಲೆಟ್ ಮಾಲ್‌ಗೆ ಅಂದಿದ್ದಾರೆ, ಅಷ್ಟೇ."

ಕ್ಯಾರಿಯಲ್ಲಿ ಕನ್ನಡ ಕೇಳಿಸುವುದು ಕಷ್ಟವಲ್ಲ. ತಿಮ್ಮಪ್ಪನ ಗುಡಿಗೆ ಹೋದರೆ ಮೈಸೂರಿನವರೋ ಮಂಡ್ಯದವರೋ ಸಿಕ್ಕೇ ಸಿಗುತ್ತಾರೆ. ಆದರೆ ವಾರದ ದಿನ ಮನೆಯಲ್ಲಿ ಮಾಡೋಕೆ ಏನೂ ಇರಲ್ಲ. ಹಳೇ ಸಿನಿಮಾ ಹಾಕುವ ಚಾನೆಲ್ ಒಂದನ್ನು ಹಿಡಿದು ಕೂತಿರುತ್ತಿದ್ದೆ. ಅಲ್ಲಿ ಒಂದು ಮಧ್ಯಾಹ್ನ 'ಮೊಗಾಂಬೊ' ಬಂತು. 1953ರ ಚಿತ್ರ, ಆಫ್ರಿಕದ ಕಾಡು, ಕ್ಲಾರ್ಕ್ ಗೇಬಲ್, ಗ್ರೇಸ್ ಕೆಲ್ಲಿ. ಅವರಿಬ್ಬರ ನಡುವೆ ಧೂಳು ಹಿಡಿದ ಪ್ಯಾಂಟು ಹಾಕಿಕೊಂಡು ಆನೆಮರಿ ಹತ್ತಿರ ಮಾತಾಡುತ್ತಾ ಓಡಾಡುವ ಏವಾ ಗಾರ್ಡ್ನರ್. ಉಳಿದವರೆಲ್ಲ ನಟಿಸುತ್ತಿದ್ದರು, ಇವಳು ಸುಮ್ನೆ ಇದ್ದಳು. ಅವಳಿಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಅದೊಂದಕ್ಕೇ. ಪ್ರಶಸ್ತಿ ಆ ಸಲ ಆಡ್ರಿ ಹೆಪ್‌ಬರ್ನ್ ಪಾಲಾಯಿತು.

ಈಕೆ ಎಲ್ಲಿಯವಳು ಅಂತ ಮೊಬೈಲಿನಲ್ಲಿ ನೋಡಿದರೆ ಪಕ್ಕದ ಜಿಲ್ಲೆಯವಳು! ಅದೂ ಹೊಗೆಸೊಪ್ಪು ಬೆಳೆಯುವವರ ಮನೆಯ ಮಗಳು. ನನ್ನ ತೌರು ಹುಣಸೂರು ತಾಲ್ಲೂಕು. ನಮ್ಮಪ್ಪನೂ ಅದನ್ನೇ ಬೆಳೆಯುತ್ತಿದ್ದರು. ಇನ್ನು ಬಿಡೋದು ಹೇಗೆ?

ಸ್ಮಿತ್‌ಫೀಲ್ಡ್ ಸಣ್ಣ ಊರು. ನ್ಯೂಸ್ ನದಿ ದಡ, ಇಟ್ಟಿಗೆ ಕಟ್ಟಡಗಳ ಸಾಲು. ಮಾರ್ಕೆಟ್ ಬೀದಿಯಲ್ಲಿ ಏವಾ ಗಾರ್ಡ್ನರ್ ಮ್ಯೂಸಿಯಂ. ಬಾಗಿಲಲ್ಲಿ ಒಬ್ಬ ಅಜ್ಜಿ ನಮ್ಮನ್ನು ಬರಮಾಡಿಕೊಂಡರು. ಅವರ ಇಂಗ್ಲಿಷ್ ನಮಗೆ ಅರ್ಧಂಬರ್ಧ ಅರ್ಥವಾಯಿತು. ಒಂದೊಂದು ಸ್ವರವನ್ನೂ ಎಳೆದು, ಮಡಚಿ, ಆಮೇಲೆ ಬಿಡುತ್ತಾರೆ. ಇಲ್ಲೇ ಇರುವ ಮಗನೂ ಎರಡು ಸಲ "ಸಾರಿ?" ಅಂದ. ಇಲ್ಲಿ ಹುಟ್ಟಿದ ಮೊಮ್ಮಗಳಿಗೆ ಮಾತ್ರ ಎಲ್ಲಾ ತಿಳಿಯಿತು.

ಆ ಅಜ್ಜಿಯ ಮಾತು ಕೇಳಿದ್ದು ಒಳ್ಳೇದಾಯಿತು. ಒಳಗಿನ ಕತೆಯ ಅರ್ಧ ಅದೇ.

1941. ಏವಾಗೆ ಹದಿನೆಂಟು ವರ್ಷ. ಅಕ್ಕ ಬ್ಯಾಪಿ ನ್ಯೂಯಾರ್ಕಿನಲ್ಲಿದ್ದಳು, ಭಾವ ಲ್ಯಾರಿ ಟಾರ್ ಫೋಟೋಗ್ರಾಫರ್. ನಾದಿನಿಯ ಒಂದು ಫೋಟೋ ತೆಗೆದು ಫಿಫ್ತ್ ಅವೆನ್ಯೂನಲ್ಲಿದ್ದ ಸ್ಟುಡಿಯೋ ಕಿಟಕಿಯಲ್ಲಿ ಇಟ್ಟಿದ್ದ. ಆ ದಾರಿಯಲ್ಲಿ ಹೋಗುತ್ತಿದ್ದ ಬಾರ್ನಿ ಡೂಹನ್ ಅನ್ನೋ ಹುಡುಗ ಅದನ್ನು ನೋಡಿದ. ಹಾಲಿವುಡ್‌ನ ಎಂಜಿಎಂ ಸ್ಟುಡಿಯೋಗೆ ಒಡೆಯರಾಗಿದ್ದ ಲೋಸ್ ಕಂಪನಿಯಲ್ಲಿ ಅವನದು ಚಿಕ್ಕ ಗುಮಾಸ್ತಿಕೆ. ಹುಡುಗಿಯ ಫೋನ್ ನಂಬರ್ ಸಿಗಲಿ ಅಂತ, ಎಂಜಿಎಂ ಪರವಾಗಿ ಮಾತಾಡುತ್ತಿದ್ದೀನಿ ಅಂತ ಬುರುಡೆ ಬಿಟ್ಟ. ನಂಬರ್ ಸಿಗಲಿಲ್ಲ. ಟಾರ್ ಮಾತ್ರ ಬುರುಡೆಯನ್ನು ನಿಜ ಅಂದುಕೊಂಡು ಫೋಟೋಗಳನ್ನು ಎಂಜಿಎಂ ಆಫೀಸಿಗೆ ತಲುಪಿಸಿಬಿಟ್ಟ. ಅವರು ಕರೆಸಿ ಕ್ಯಾಮೆರಾ ಮುಂದೆ ನಿಲ್ಲಿಸಿದರು.

ಆದರೆ ಬಾಯಿ ತೆಗೆದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಹಾಲಿವುಡ್‌ಗೆ ಹೋದದ್ದು ದನಿ ಇಲ್ಲದ ರೀಲು. ಸುಮ್ಮನೆ ನಡೆ, ತಿರುಗು, ಹೂದಾನಿ ಎತ್ತಿಡು. ಅಷ್ಟು ಸಾಕಾಯಿತು. ಏಳು ವರ್ಷದ ಕಾಂಟ್ರಾಕ್ಟ್, ವಾರಕ್ಕೆ 50 ಡಾಲರ್. ಅಲ್ಲಿಗೆ ಹೋದ ಮೇಲೆ ಮೊದಲ ಕೆಲಸವೇ ಉಚ್ಚಾರಣೆ ಪಾಠ. ಊರಿನ ಮಾತು ಹೋಗಬೇಕು, ನಾಲಗೆ ತಿರುಗಬೇಕು. ಮುಖ ಇಟ್ಟುಕೊಂಡು ದನಿ ತೆಗೆದರು.

ಇದು ಮುಗಿಯಿತು ಅಂದುಕೊಂಡರೆ ಹತ್ತು ವರ್ಷ ಆದ ಮೇಲೆ ಮತ್ತೆ ಅದೇ. 1951ರ 'ಶೋ ಬೋಟ್'ನಲ್ಲಿ ಜೂಲಿ ಪಾತ್ರ. ಕಪ್ಪು ತಾಯಿ ಬಿಳಿ ತಂದೆಯ ಮಗಳು, ಹಡಗಿನ ಹಾಡುಗಾರ್ತಿ. ಏವಾ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಹಾಡುಗಳನ್ನು ತಾನೇ ಹಾಡಿದ್ದಳು. ಸಿನಿಮಾ ಬಂದಾಗ ಅವಳ ಬಾಯಿಂದ ಹೊರಟಿದ್ದು ಅನೆಟ್ ವಾರೆನ್ ದನಿ. ಹಿನ್ನೆಲೆ ಗಾಯನ ನಮಗೇನು ಹೊಸದಲ್ಲ. ನಮ್ಮ ನಾಯಕಿಯರಿಗೆ ಮಾತನ್ನೂ ಬೇರೆಯವರೇ ಆಡಿದ್ದಾರೆ. ಆದರೆ ನಮ್ಮಲ್ಲಿ ಅದು ಮೊದಲೇ ಆಗಿರುವ ಒಪ್ಪಂದ. ಇಲ್ಲಿ ಹಾಡಿಸಿ, ಆಸೆ ಹುಟ್ಟಿಸಿ, ಆಮೇಲೆ ಅಳಿಸಿದರು. ಮಜಾ ನೋಡಿ, ಹಾಡುಗಳ ರೆಕಾರ್ಡು ಮಾರುವಾಗ ಮಾತ್ರ ಅವಳದೇ ದನಿ ಹಾಕಿದರು. ಡಿಸ್ಕಿನ ಮೇಲೆ ಅವಳ ಹೆಸರು ಬೇಕಿತ್ತಲ್ಲ!

ಇದರ ಹಿಂದೆ ಇನ್ನೊಂದು ಅನ್ಯಾಯವಿದೆ. ಆ ಪಾತ್ರದ ಮೇಲೆ ಆಸೆ ಇದ್ದದ್ದು ಲೀನಾ ಹಾರ್ನ್‌ಗೆ. ಕಪ್ಪು ಗಾಯಕಿ, ಅದೇ ಎಂಜಿಎಂನವಳು, ಏವಾಳ ಗೆಳತಿ ಬೇರೆ. ಕಪ್ಪು ನಟಿಯನ್ನು ಬಿಳಿಯನ ಹೆಂಡತಿಯಾಗಿ ತೋರಿಸುವ ಧೈರ್ಯ ಆಗಿನ ಹಾಲಿವುಡ್‌ಗೆ ಇರಲಿಲ್ಲ. ದನಿ ಇದ್ದವಳಿಗೆ ಪಾತ್ರ ಇಲ್ಲ, ಪಾತ್ರ ಸಿಕ್ಕವಳಿಗೆ ದನಿ ಇಲ್ಲ.

ಮ್ಯೂಸಿಯಂ ತುಂಬಾ ಮುಖ. ಬರ್ಟ್ ಫೈಫರ್ ಅನ್ನೋ ಡಚ್ ಚಿತ್ರಕಾರ ವರ್ಷ ವರ್ಷವೂ ಬಿಡಿಸಿದ ಏವಾಳ ಚಿತ್ರಗಳು, ಬೇರೆ ಬೇರೆ ದೇಶದ ಪೋಸ್ಟರ್‌ಗಳು, ಉಡುಪುಗಳು. ಒಂದು ಗೌನಿನ ಸೊಂಟ ನೋಡಿ ಇವರು "ಇದರೊಳಗೆ ಊಟ ಮಾಡೋದು ಹೇಗೆ?" ಅಂತ ಅಜ್ಜಿಯನ್ನೇ ಕೇಳಿದರು. ಅಜ್ಜಿ ನಕ್ಕು, ಏವಾಗೆ ಹುರಿದ ಕೋಳಿ ಅಂದರೆ ಪ್ರಾಣ ಅಂದರು.

ಗಂಡಂದಿರ ಬಗ್ಗೆ ಅಲ್ಲಿ ಬೇಕಾದಷ್ಟಿದೆ. ನನಗೆ ಅಷ್ಟು ಆಸಕ್ತಿ ಇಲ್ಲ. 1942ರಲ್ಲಿ ಮಿಕ್ಕಿ ರೂನಿ, ಆಗ ದೇಶದ ದೊಡ್ಡ ತಾರೆ. ಒಂದು ವರ್ಷದಲ್ಲೇ ಮುರಿಯಿತು. 1945ರಲ್ಲಿ ಬ್ಯಾಂಡ್ ನಾಯಕ ಆರ್ಟಿ ಶಾ. ಓದಿಲ್ಲ ಅಂತ ಅವಳನ್ನು ಹೀಯಾಳಿಸುತ್ತಿದ್ದ, ಅದೂ ಒಂದೇ ವರ್ಷ. 1951ರಲ್ಲಿ ಗಾಯಕ ಫ್ರಾಂಕ್ ಸಿನಾತ್ರಾ. ಆಗ ಅವನ ಕಾಲ ಇಳಿದಿತ್ತು, ಇವಳದು ಏರಿತ್ತು. 'ಫ್ರಮ್ ಹಿಯರ್ ಟು ಇಟರ್ನಿಟಿ'ಯಲ್ಲಿ ಅವನಿಗೆ ಪಾತ್ರ ಸಿಗಲಿ ಅಂತ ಸ್ಟುಡಿಯೋ ಯಜಮಾನನ ಹೆಂಡತಿ ಹತ್ತಿರ ಹೋಗಿ ಮಾತಾಡಿದ್ದು ಇವಳೇ. ಆ ಪಾತ್ರಕ್ಕೆ ಅವನಿಗೆ ಆಸ್ಕರ್ ಬಂತು. 1957ರಲ್ಲಿ ವಿಚ್ಛೇದನ. ಸ್ನೇಹ ಮಾತ್ರ ಕೊನೆವರೆಗೂ ಉಳಿಯಿತು.

ನನಗೆ ಹೆಚ್ಚು ಕಾಲ ನಿಲ್ಲಬೇಕು ಅನ್ನಿಸಿದ್ದು 'ಭೊವಾನಿ ಜಂಕ್ಷನ್' ಮುಂದೆ. 1956ರ ಚಿತ್ರ. ಸ್ವಾತಂತ್ರ್ಯ ಬರುವ ಹೊತ್ತಿನ ಭಾರತದ ರೈಲ್ವೆ ಊರಿನ ಕತೆ. ಚಿತ್ರೀಕರಣ ಆದದ್ದು ಪಾಕಿಸ್ತಾನದ ಲಾಹೋರ್‌ನಲ್ಲಿ. ಅದರಲ್ಲಿ ಏವಾ ಆಂಗ್ಲೋ ಇಂಡಿಯನ್ ಹುಡುಗಿ. ಈ ಕಡೆಯೂ ಅಲ್ಲ, ಆ ಕಡೆಯೂ ಅಲ್ಲ. ಸೀರೆ ಉಟ್ಟು ನೋಡುತ್ತಾಳೆ, ಫ್ರಾಕ್ ಹಾಕಿ ನೋಡುತ್ತಾಳೆ. ಚಿತ್ರ ಅಷ್ಟೇನೂ ಚೆನ್ನಾಗಿಲ್ಲ. ಆದರೆ ಎರಡು ಊರಿನ ನಡುವೆ ಸಿಕ್ಕಿಕೊಂಡವಳ ಪಾತ್ರ ಅವಳಿಗೆ ಒಗ್ಗುತ್ತಿತ್ತು. ನಾಟಕ ಶಾಲೆ ಕಲಿಸಿದ್ದಲ್ಲ ಅದು.

ರಾತ್ರಿ ಹೈವೇ ಪಕ್ಕದ ಒಂದು ಲಾಡ್ಜಿನಲ್ಲಿ ಉಳಿದೆವು. ಸೊಸೆ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಆಯಿತು.

ಶನಿವಾರ: ಗ್ರ್ಯಾಬ್‌ಟೌನ್, ಬ್ರಾಗ್ಡನ್

ಬೆಳಗ್ಗೆ ಎದ್ದು ಹಳ್ಳಿ ಕಡೆ ಹೊರಟೆವು. ಗ್ರ್ಯಾಬ್‌ಟೌನ್ ಅಂದರೆ ಊರು ಅನ್ನೋದಕ್ಕಿಂತ ಒಂದು ಕವಲು ದಾರಿ. ಏವಾ ಲವೀನಿಯಾ ಗಾರ್ಡ್ನರ್ ಹುಟ್ಟಿದ್ದು ಇಲ್ಲಿ, 1922ರ ಡಿಸೆಂಬರ್ 24ರಂದು. ಏಳು ಮಕ್ಕಳಲ್ಲಿ ಕೊನೆಯವಳು. ಅಪ್ಪ ಜೋನಸ್ ಹತ್ತಿ, ಹೊಗೆಸೊಪ್ಪು ಬೆಳೆಯುತ್ತಿದ್ದ. ಬೇಸಾಯ ಕೈಕೊಟ್ಟ ಮೇಲೆ ಅವ್ವ ಮಾಲಿ ಗಾರ್ಡ್ನರ್‌ಗೆ ಬ್ರಾಗ್ಡನ್ ಶಾಲೆಯ ಟೀಚರುಗಳ ವಸತಿಗೃಹದಲ್ಲಿ ಅಡುಗೆ ಮಾಡುವ, ಮನೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸಂಸಾರವೂ ಅಲ್ಲಿಗೇ ಬಂತು. ಏವಾಗೆ ಆಗ ಎರಡು ವರ್ಷ. ಹದಿಮೂರರವರೆಗೆ ಅವಳು ಬೆಳೆದದ್ದು ಅಲ್ಲೇ.

ಆಗಸ್ಟ್ ತಿಂಗಳು. ರಸ್ತೆಯ ಎರಡೂ ಕಡೆ ಗೆಣಸಿನ ಬಳ್ಳಿ, ಸೋಯಾ, ನಡುನಡುವೆ ಹೊಗೆಸೊಪ್ಪು. ಅಮೆರಿಕದಲ್ಲಿ ಅತಿ ಜಾಸ್ತಿ ಗೆಣಸು ಬೆಳೆಯುವ ರಾಜ್ಯ ಇದೇ. ಆದರೆ ನನ್ನ ಕಣ್ಣು ಹೋಗಿದ್ದು ಸೊಪ್ಪಿನ ಹೊಲಕ್ಕೆ. ಗಿಡ ಆಳೆತ್ತರ, ಕುಡಿ ಮುರಿದಿದ್ದಾರೆ, ಕೆಳಗಿನ ಎಲೆಗಳು ಆಗಲೇ ಹೋಗಿವೆ. "ನಿಲ್ಲಿಸೋ" ಅಂದೆ.

ಹೊಲದ ಅಂಚಿನಲ್ಲಿ ಕಬ್ಬಿಣದ ಉದ್ದುದ್ದ ಪೆಟ್ಟಿಗೆಗಳು. ಅವೇ ಈಗಿನ ಬ್ಯಾರನ್, ಅಂದರೆ ಸೊಪ್ಪು ಒಣಗಿಸುವ ಗೂಡು. ಗ್ಯಾಸಿನಲ್ಲಿ ಬಿಸಿಗಾಳಿ ಹಾಯಿಸಿ ಎಲೆ ಬೇಯಿಸುತ್ತವೆ. ಅಲ್ಲಿದ್ದ ರೈತ ಮೊದಲು ಅನುಮಾನದಿಂದ ನೋಡಿದ. ನಮ್ಮಪ್ಪ ಇಂಡಿಯಾದಲ್ಲಿ ಇದೇ ಜಾತಿ ಸೊಪ್ಪು ಬೆಳೆಯುತ್ತಿದ್ದರು ಅಂತ ಮಗನ ಕೈಲಿ ಹೇಳಿಸಿದೆ. ಮುಖ ಅರಳಿತು. ಒಂದರ ಬಾಗಿಲು ತೆಗೆದು ತೋರಿಸಿದ. ಒಳಗೆ ಒತ್ತೊತ್ತಾಗಿ ಹಳದಿ ಎಲೆ. ಮುಖಕ್ಕೆ ಬಿಸಿ ಹೊಡೆಯಿತು, ಜೊತೆಗೆ ಆ ವಾಸನೆ. ಹುಲ್ಲು, ಬೆಲ್ಲ, ಬೆವರು ಮೂರೂ ಬೆರೆತ ಹಾಗೆ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮಲ್ಲಿ ಈ ವರ್ಜೀನಿಯಾ ಸೊಪ್ಪಿಗೆ ಸೌದೆ ಹಾಕಬೇಕು. ಬ್ಯಾರನ್ ಹಚ್ಚಿದರೆ ಐದಾರು ದಿನ ಹಗಲೂ ರಾತ್ರಿ ಒಬ್ಬರು ಕಾಯಬೇಕು. ಉರಿ ಜಾಸ್ತಿಯಾದರೆ ಎಲೆ ಕಂದುತ್ತದೆ, ಕಮ್ಮಿಯಾದರೆ ಹಸಿರು ಉಳಿಯುತ್ತದೆ. ಇಲ್ಲೂ ಏವಾಳ ಕಾಲದಲ್ಲಿ ಸೌದೆಯೇ. ಮರದ ದಿಮ್ಮಿಯ ಎತ್ತರದ ಹಳೇ ಬ್ಯಾರನ್‌ಗಳು ರಸ್ತೆ ಪಕ್ಕ ಈಗಲೂ ಕಾಣುತ್ತವೆ. ತಗಡು ಹಾರಿಹೋಗಿ ಬಳ್ಳಿ ಹಬ್ಬಿದೆ. ಅಪ್ಪ ರಾತ್ರಿ ಎದ್ದು ಎದ್ದು ಥರ್ಮಾಮೀಟರ್ ನೋಡುತ್ತಿದ್ದದ್ದು ನೆನಪಾಯಿತು. ಕಡ್ಡಿಗೆ ಎಲೆ ಕಟ್ಟುವುದು ಹೆಂಗಸರು ಮಕ್ಕಳ ಕೆಲಸ. ಬೆರಳಿಗೆ ಅಂಟು ಮೆತ್ತಿ ಕಪ್ಪಗಾಗುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ, ಆ ಕೈಯಲ್ಲಿ ಊಟ ಕಹಿ. ಇಲ್ಲಿ ಈಗ ಎಲೆ ಮುರಿಯುವವರಲ್ಲಿ ಬಹಳ ಜನ ಮೆಕ್ಸಿಕೋದಿಂದ ಸುಗ್ಗಿಗೆ ವೀಸಾ ಮೇಲೆ ಬಂದವರು. ದೂರದಲ್ಲಿ ಅವರ ಟೋಪಿಗಳು ಕಾಣುತ್ತಿದ್ದವು.

"ರೇಟು ಹೇಗೆ ಅಂತ ಕೇಳು" ಅಂದರು ಇವರು. ಮಗ ಕೇಳಿದ. ರೈತ ತಲೆ ಅಲ್ಲಾಡಿಸಿ ನಕ್ಕ. ಹೊಗೆಸೊಪ್ಪಿನವರು ಎಲ್ಲಿದ್ದರೂ ಹಾಗೇ ನಗುವುದು.

ಏವಾ ಬರಿಗಾಲಲ್ಲೇ ಬೆಳೆದವಳು. ದೊಡ್ಡವಳಾದ ಮೇಲೂ ಚಪ್ಪಲಿ ಕಂಡರೆ ಆಗುತ್ತಿರಲಿಲ್ಲ. 1954ರಲ್ಲಿ 'ದಿ ಬೇರ್‌ಫುಟ್ ಕಾಂಟೆಸ್ಸಾ' ಬಂತು, ಬರಿಗಾಲಿನ ಸ್ಪ್ಯಾನಿಷ್ ನರ್ತಕಿ ಹಾಲಿವುಡ್ ತಾರೆಯಾಗುವ ಕತೆ. ಜಾಹೀರಾತಿನವರು ಅವಳನ್ನು ಜಗತ್ತಿನ ಅತಿ ಸುಂದರ ಪ್ರಾಣಿ ಅಂತ ಮಾರಿದರು. ಪ್ರಾಣಿ! ಅದನ್ನು ಹೊಗಳಿಕೆ ಅಂತ ಎಪ್ಪತ್ತು ವರ್ಷದಿಂದ ಬರೆಯುತ್ತಲೇ ಇದ್ದಾರೆ. ಆ ಚಿತ್ರಕ್ಕೆ ಮಾಡಿಸಿದ್ದ ಅವಳ ಪ್ರತಿಮೆಯನ್ನು ಸಿನಾತ್ರಾ ಕೊಂಡುಹೋಗಿ ತನ್ನ ಮನೆ ತೋಟದಲ್ಲಿ ನಿಲ್ಲಿಸಿಕೊಂಡಿದ್ದ.

ಮಳೆ ಹನಿಯುವಂತಿತ್ತು, ಬೇಗ ಸ್ಮಿತ್‌ಫೀಲ್ಡ್‌ಗೆ ವಾಪಸ್ ಬಂದೆವು. ಚಿಕ್ಕವಳಿದ್ದಾಗ ಅವ್ವನ ಜೊತೆ ಕೂತು ಏವಾ ಕ್ಲಾರ್ಕ್ ಗೇಬಲ್‌ನ 'ರೆಡ್ ಡಸ್ಟ್' ನೋಡಿದ್ದಳು. 1932ರ ಚಿತ್ರ. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಕತೆಯನ್ನು ಮತ್ತೆ ತೆಗೆದರು. ಅದೇ 'ಮೊಗಾಂಬೊ'. ನಾಯಕ ಅದೇ ಗೇಬಲ್, ಎದುರಿಗೆ ಇವಳು. ಅವ್ವ ಅದನ್ನು ನೋಡಲಿಲ್ಲ. 1943ರಲ್ಲೇ ಕ್ಯಾನ್ಸರ್‌ನಿಂದ ಹೋಗಿದ್ದಳು. ಮಗಳಿಗೆ ಆಗ ಸಿಗುತ್ತಿದ್ದದ್ದು ಹಿಂದೆ ನಿಲ್ಲುವ ಪಾತ್ರಗಳು. ಹೆಸರು ಬಂದದ್ದು 1946ರಲ್ಲಿ, 'ದಿ ಕಿಲ್ಲರ್ಸ್' ಚಿತ್ರದಿಂದ. ಅದೂ ಎಂಜಿಎಂ ಅವಳನ್ನು ಬೇರೆ ಸ್ಟುಡಿಯೋಗೆ ಎರವಲು ಕೊಟ್ಟಾಗ.

ಮಧ್ಯಾಹ್ನ ಸನ್‌ಸೆಟ್ ಮೆಮೋರಿಯಲ್ ಪಾರ್ಕ್. ಗಾರ್ಡ್ನರ್ ಮನೆಯವರೆಲ್ಲ ಒಂದೇ ಕಡೆ ಇದ್ದಾರೆ. ಏವಾಳ ಕಲ್ಲು ಉಳಿದವರದಕ್ಕಿಂತ ದೊಡ್ಡದೇನಲ್ಲ. ಪೂರ್ತಿ ಹೆಸರು, ಎರಡು ತಾರೀಖು. ಅವಳ ನಿಜವಾದ ಹೆಸರು ಲೂಸಿ ಜಾನ್ಸನ್, ಏವಾ ಅನ್ನೋದು ಸ್ಟುಡಿಯೋ ಇಟ್ಟದ್ದು ಅನ್ನೋ ಕತೆ ಎಷ್ಟೋ ಪುಸ್ತಕಗಳಲ್ಲಿ ಓಡಾಡಿದೆ. ಶುದ್ಧ ಸುಳ್ಳು. ಇಷ್ಟು ಚಂದದ ಹೆಸರು ಹೊಗೆಸೊಪ್ಪಿನ ಹೊಲದಿಂದ ಬರಲಾರದು ಅಂತ ಯಾರಿಗೋ ಅನ್ನಿಸಿರಬೇಕು. ಅವಳು ತೀರಿಕೊಂಡದ್ದು ಲಂಡನ್ನಿನಲ್ಲಿ, 1990ರ ಜನವರಿ 25ಕ್ಕೆ, ನ್ಯುಮೋನಿಯಾದಿಂದ. ಅರವತ್ತೇಳು ವರ್ಷ. ದೇಹವನ್ನು ಇಲ್ಲಿಗೆ ತಂದು ಅಪ್ಪ ಅವ್ವನ ಪಕ್ಕ ಮಣ್ಣು ಮಾಡಿದರು. ಅವತ್ತು ಹಾಲಿವುಡ್ ತಾರೆಯರು ಯಾರೂ ಬರಲಿಲ್ಲ, ಊರಿನವರು ಬಂದರು.

ಮೊಮ್ಮಗಳು ಕಲ್ಲಿನ ಮೇಲೆ ಯಾರೋ ಇಟ್ಟಿದ್ದ ಚಿಲ್ಲರೆ ಎಣಿಸುತ್ತಿದ್ದಳು. ಅವರಪ್ಪ ಗದರಿದ.

ಭಾನುವಾರ: ವಿಲ್ಸನ್

ಉತ್ತರಕ್ಕೆ ವಿಲ್ಸನ್ ಊರು. ಒಂದು ಕಾಲಕ್ಕೆ ಇದೇ ಜಗತ್ತಿನಲ್ಲೇ ದೊಡ್ಡ ಹೊಗೆಸೊಪ್ಪಿನ ಮಾರುಕಟ್ಟೆ ಅಂತ ಹೇಳಿಕೊಳ್ಳುತ್ತಿತ್ತು. ಹರಾಜು ಕೂಗುವವರು ಹಾಡಿನ ಹಾಗೆ ರಾಗ ಎಳೆಯುತ್ತಿದ್ದರಂತೆ. 2004ರಲ್ಲಿ ಸರ್ಕಾರ ಹಳೇ ಕೋಟಾ ಪದ್ಧತಿ ನಿಲ್ಲಿಸಿದ ಮೇಲೆ ಹರಾಜು ಹೆಚ್ಚುಕಮ್ಮಿ ಮುಗಿಯಿತು. ಈಗ ಕಂಪನಿಗಳ ಜೊತೆ ನೇರ ಕರಾರು. ನಮ್ಮ ಕಟ್ಟೆಮಳಲವಾಡಿ, ಚಿಲ್ಕುಂದದ ಹರಾಜು ಕಟ್ಟೆ ಇನ್ನೂ ನಡೆಯುತ್ತಿದೆ ಅಂತ ನನಗೆ ಸ್ವಲ್ಪ ಜಂಬ ಬಂತು. ಇವರು "ಅದೇನು ದೊಡ್ಡಸ್ತಿಕೆ, ರೈತನಿಗೆ ಅಲ್ಲೂ ಅಷ್ಟಕ್ಕಷ್ಟೇ" ಅಂದರು. ಅದೂ ಸರಿಯೇ.

ಬ್ರಾಗ್ಡನ್ ವಸತಿಗೃಹ ಮುಚ್ಚಿದ ಮೇಲೆ ಗಾರ್ಡ್ನರ್ ಸಂಸಾರ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ಗೆ ಹೋಯಿತು. ಅಲ್ಲಿ ಅವ್ವ ಹಡಗು ಕಟ್ಟುವ ಕೆಲಸಗಾರರಿಗೆ ಊಟ, ವಸತಿ ನಡೆಸಿದಳು. ಹೊಸ ಶಾಲೆಯಲ್ಲಿ ಅಪ್ಪ ಏನು ಮಾಡುತ್ತಾರೆ ಅಂತ ಟೀಚರ್ ಕೇಳಿದಾಗ ರೈತ ಅಂದಳಂತೆ. ಆ ಉಚ್ಚಾರಣೆಗೋ ಆ ಉತ್ತರಕ್ಕೋ, ಇಡೀ ಕ್ಲಾಸು ನಕ್ಕಿತಂತೆ. ಎಂಜಿಎಂ ಮಾಡಿದ್ದನ್ನು ಆ ಮಕ್ಕಳು ಮೊದಲೇ ಮಾಡಿದ್ದರು. 1938ರಲ್ಲಿ ಅಪ್ಪ ಹೋದ. ಅವ್ವ ಮಗಳು ವಿಲ್ಸನ್ ಪಕ್ಕದ ರಾಕ್ ರಿಜ್‌ಗೆ ಬಂದರು. ಮತ್ತೆ ಟೀಚರುಗಳ ಅಡುಗೆಮನೆ. ಹೈಸ್ಕೂಲು ಮುಗಿಸಿ ಏವಾ ಇಲ್ಲಿನ ಅಟ್ಲಾಂಟಿಕ್ ಕ್ರಿಶ್ಚಿಯನ್ ಕಾಲೇಜಿಗೆ ಸೇರಿದಳು. ಟೈಪಿಂಗು, ಶಾರ್ಟ್‌ಹ್ಯಾಂಡು. ನಮ್ಮ ಕಾಲದಲ್ಲಿ ಹುಡುಗಿಯರು ಕೆಲಸಕ್ಕೆ ಅಂತ ಕಲಿಯುತ್ತಿದ್ದದ್ದೂ ಅದೇ, ಅಲ್ವಾ? ಕಾಲೇಜಿಗೆ ಈಗ ಬಾರ್ಟನ್ ಅಂತ ಹೆಸರು. ರಜಾ ದಿನ, ಹೊರಗಿಂದಲೇ ನೋಡಿದೆವು.

ನಾನು ಬಂದದ್ದು ಈ ಕಾಲೇಜಿನ ಅಂಗಳ ನೋಡೋಕೇ. ಮ್ಯೂಸಿಯಂ ಹುಟ್ಟಿದ್ದು ಒಂದು ರೀತಿಯಲ್ಲಿ ಇಲ್ಲೇ. ಟಾಮ್ ಬ್ಯಾಂಕ್ಸ್ ಅನ್ನೋ ಹನ್ನೆರಡು ವರ್ಷದ ಹುಡುಗ ಇಲ್ಲಿನ ಕಾಲೇಜು ಹುಡುಗಿಯರನ್ನು ಕೀಟಲೆ ಮಾಡುತ್ತಿದ್ದ. ಒಂದು ದಿನ ಏವಾ ಅಟ್ಟಿಸಿಕೊಂಡು ಬಂದು ಹಿಡಿದು ಕೆನ್ನೆಗೆ ಮುತ್ತು ಕೊಟ್ಟಳು. ಮುಂದಿನ ವರ್ಷ ಅವಳು ಕಾಣಲಿಲ್ಲ. ಆಮೇಲೆ ಪೇಪರಿನಲ್ಲಿ ಫೋಟೋ! ಹುಡುಗ ಅದನ್ನು ಕತ್ತರಿಸಿ ಇಟ್ಟುಕೊಂಡ. ಮುಂದೆ ಮನಶ್ಶಾಸ್ತ್ರಜ್ಞನಾದ, ಮದುವೆಯಾದ, ಆದರೂ ಸಂಗ್ರಹ ಬಿಡಲಿಲ್ಲ. ಹೆಂಡತಿ ಲೊರೇನ್ ಕೂಡ ಜೊತೆಗೆ ಸೇರಿಕೊಂಡರು. 1980ರ ದಶಕದಲ್ಲಿ ಬ್ರಾಗ್ಡನ್‌ನ ಆ ವಸತಿಗೃಹವನ್ನೇ ಕೊಂಡು, ಬೇಸಿಗೆಗಳಲ್ಲಿ ಅಲ್ಲೇ ಮ್ಯೂಸಿಯಂ ನಡೆಸಿದರು. 1989ರಲ್ಲಿ ಬ್ಯಾಂಕ್ಸ್ ಹೋದರು, ಕೆಲವೇ ತಿಂಗಳಲ್ಲಿ ಏವಾ. ಸಂಗ್ರಹವನ್ನು ಲೊರೇನ್ ಸ್ಮಿತ್‌ಫೀಲ್ಡ್ ಊರಿಗೆ ಕೊಟ್ಟರು.

ಗಂಡನ ಹಳೇ ಹುಚ್ಚನ್ನು ಹೆಂಡತಿ ಇಷ್ಟು ವರ್ಷ ಸಾಕಿದ್ದು ಕೇಳಿ ಇವರು ನನ್ನ ಕಡೆ ನೋಡಿದರು. ನಾನು ಕಿಟಕಿ ಕಡೆ ನೋಡಿದೆ.

ವಿಲ್ಸನ್‌ನಲ್ಲಿ ಮೊಮ್ಮಗಳಿಗೆ ಇಷ್ಟವಾಗಿದ್ದು ಗಿರಿಗಿಟ್ಲೆ ಪಾರ್ಕು. ವಾಲಿಸ್ ಸಿಂಪ್ಸನ್ ಅನ್ನೋ ರಿಪೇರಿ ಕೆಲಸದವರು ಗುಜರಿ ಕಬ್ಬಿಣದಲ್ಲಿ ಮಾಡಿದ ಮರದೆತ್ತರದ ಗಿರಿಗಿಟ್ಲೆಗಳು. ಗಾಳಿ ಬೀಸಿದರೆ ಎಲ್ಲಾ ಒಟ್ಟಿಗೆ ತಿರುಗುತ್ತವೆ. ಊಟದ್ದೇ ಕಷ್ಟ. ಈ ಕಡೆ ಸೊಪ್ಪಿನ ಪಲ್ಯಕ್ಕೂ ಹಂದಿಮಾಂಸ ಹಾಕುತ್ತಾರೆ. ಜೋಳದ ಹಿಟ್ಟಿನ ಬೋಂಡದಂಥ ಹಷ್‌ಪಪ್ಪಿ, ಸುಟ್ಟ ಗೆಣಸು ತಿಂದು ಹೊರಟೆವು.

ವಾಪಸ್ ಬರುವಾಗ ಮಗ ಕೇಳಿದ, "ಕೊನೆಗೆ ಅವಳ ಗತಿ ಏನಾಯ್ತಮ್ಮಾ?"

ಹೇಳಿದೆ. 1955ರಲ್ಲೇ ಹಾಲಿವುಡ್ ಬಿಟ್ಟು ಮ್ಯಾಡ್ರಿಡ್‌ಗೆ ಹೋದಳು. ಅದೇ ಕಟ್ಟಡದಲ್ಲಿ ಅರ್ಜೆಂಟೀನಾದಿಂದ ಓಡಿಸಲ್ಪಟ್ಟ ಮಾಜಿ ಅಧ್ಯಕ್ಷ ಹುವಾನ್ ಪೆರೋನ್ ಇದ್ದ, ಇವಳ ಗಲಾಟೆಗೆ ನಿದ್ದೆ ಇಲ್ಲ ಅಂತ ದೂರುತ್ತಿದ್ದ. 1968ರಲ್ಲಿ ಲಂಡನ್. ನನ್ನ ಪ್ರಕಾರ ಅವಳ ಒಳ್ಳೇ ಕೆಲಸ 'ಮೊಗಾಂಬೊ' ಕೂಡ ಅಲ್ಲ, 1964ರ 'ದಿ ನೈಟ್ ಆಫ್ ದಿ ಇಗ್ವಾನಾ'. ಮೆಕ್ಸಿಕೋದ ಕಡಲ ದಡದಲ್ಲಿ ಹಳೇ ಹೋಟೆಲು ನಡೆಸುವ ವಿಧವೆ. ಕೆದರಿದ ಕೂದಲು, ಜೋರು ಬಾಯಿ, ದೊಡ್ಡ ನಗು. ನಲವತ್ತು ದಾಟಿತ್ತು, ಮುಖದ ಭಾರ ಕಮ್ಮಿಯಾಗಿತ್ತು. ಆ ಪಾತ್ರದಲ್ಲಿ ಅವಳ ಮಾತು ಎಳೆಯುತ್ತದೆ, ಮಡಚುತ್ತದೆ. ಮ್ಯೂಸಿಯಂ ಬಾಗಿಲಿನ ಅಜ್ಜಿ ಮಾತಾಡಿದ ಹಾಗೇ. ಪಾಠ ಹೇಳಿದವರಿಗೆ ಅದನ್ನು ಪೂರ್ತಿ ಕೀಳೋಕೆ ಆಗಿರಲಿಲ್ಲ. ನಿರ್ದೇಶಕ ಜಾನ್ ಹ್ಯೂಸ್ಟನ್ ಅದನ್ನು ಹಾಗೇ ಬಿಟ್ಟ, ಪುಣ್ಯಾತ್ಮ.

1986ರಲ್ಲಿ ಪಾರ್ಶ್ವವಾಯು ಹೊಡೆಯಿತು. ಒಂದು ಕಡೆ ಕೈ ಸ್ವಾಧೀನ ಇರಲಿಲ್ಲ. ದುಡ್ಡೂ ಬೇಕಿತ್ತು. ಕತೆಯನ್ನು ಬಾಯಲ್ಲಿ ಹೇಳಿ ಬರೆಸಿದಳು. ಪುಸ್ತಕ ಬಂದದ್ದು ಸತ್ತ ಮೇಲೆ. ಕೊನೆವರೆಗೂ ಜೊತೆಗಿದ್ದದ್ದು ಮನೆ ನೋಡಿಕೊಳ್ಳುತ್ತಿದ್ದ ಕಾರ್ಮೆನ್ ಮತ್ತು ಮಾರ್ಗನ್ ಅನ್ನೋ ಕಾರ್ಗಿ ನಾಯಿ. ಅವಳ ಜೊತೆ ಮೂರು ಚಿತ್ರ ಮಾಡಿದ್ದ ಗ್ರೆಗರಿ ಪೆಕ್ ಆಮೇಲೆ ಅವರಿಬ್ಬರನ್ನೂ ಲಾಸ್ ಏಂಜಲಿಸ್‌ನ ತನ್ನ ಮನೆಗೆ ಕರೆಸಿಕೊಂಡ.

"ನಾಯಿನೂನಾ?" ಹಿಂದಿನ ಸೀಟಿನಿಂದ ಮೊಮ್ಮಗಳು.

"ಹೂಂ ಪುಟ್ಟಿ, ನಾಯಿನೂ."

"ನೋಡ್ದಾ, ಮೂರು ಗಂಡಂದಿರಿಗಿಂತ ಆ ಪೆಕ್ಕೇ ವಾಸಿ" ಅಂದರು ಇವರು, ಕಣ್ಣು ಮುಚ್ಚಿಕೊಂಡೇ. ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ.